ರ್ಯಾಂಪ್ ತೆಗೆದ ಬೆಳಿಗ್ಗೆ

ಸೈಟಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು ‘ಹದಿನಾರು’ ಎಂದು. ಎಕ್ಸ್‌ಕವೇಟರಿನ ಬಕೆಟ್ ಮಣ್ಣಿಗೆ ಇಳಿದು, ತುಂಬಿಕೊಂಡು ಎದ್ದು, ತಿರುಗಿ, ಟಿಪ್ಪರಿಗೆ ಸುರಿದು, ಮತ್ತೆ ಮಣ್ಣಿನ ಮುಂದೆ ಬಂದು ನಿಲ್ಲುವುದಕ್ಕೆ ಬೇರೆ ಆಪರೇಟರುಗಳಿಗೆ ಇಪ್ಪತ್ತು, ಇಪ್ಪತ್ತೆರಡು ಸೆಕೆಂಡು ಬೇಕು. ನನಗೆ ಹದಿನಾರು ಸಾಕು. ಗಡಿಯಾರ ಹಿಡಿದು ನೋಡಿದವರು ಇನ್ನೂ ಬದುಕಿದ್ದಾರೆ, ಬೇಕಾದರೆ ಕೇಳಿ. ಜಂಬ ಎನ್ನುತ್ತೀರಾ? ಅನ್ನಿ. ಇದ್ದದ್ದೇ ಜಂಬ. ಅದು ಇಳಿದದ್ದು ಹೇಗೆ ಎಂದು ಹೇಳುವುದಕ್ಕೇ ಕುಳಿತಿದ್ದೇನೆ.

ನನಗೆ ಈ ಕೆಲಸ ಕಲಿಸಿದವರು ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ. ಆಗ ನಾನು ಟಿಪ್ಪರ್ ಓಡಿಸುತ್ತಿದ್ದೆ. ಅವರು ಎಕ್ಸ್‌ಕವೇಟರಿನಲ್ಲಿ ಕೂತು ನನ್ನ ಗಾಡಿ ತುಂಬಿಸುತ್ತಿದ್ದರು. ಎಲ್ಲರಿಗೂ ಅವರು ‘ಮೇಷ್ಟ್ರು’. ಒಂದು ದಿನ ಊಟದ ಹೊತ್ತಿನಲ್ಲಿ ಬುತ್ತಿ ಕೊಡಲು ಬಂದಿದ್ದ ಅವರ ಮಗಳನ್ನು ನಾನು ಸ್ವಲ್ಪ ಜಾಸ್ತಿಯೇ ನೋಡಿದೆ. ಮೇಷ್ಟ್ರು ಬಾಯಿ ತೊಳೆದುಕೊಂಡು ನೇರ ನನ್ನ ಹತ್ತಿರ ಬಂದರು. “ಟಿಪ್ಪರ್‌ನವನಿಗೆ ಮಗಳನ್ನ ಕೊಡಲ್ಲ. ಆಪರೇಟರ್ ಆಗು, ಆಮೇಲೆ ನೋಡೋಣ,” ಎಂದರು. ನಾನು, “ಕಲಿಸೋರು ಯಾರು?” ಎಂದೆ. “ಇನ್ಯಾರು, ನಾನೇ. ಗತಿಗೆಟ್ಟ ಅಳಿಯ ಬಂದ್ರೆ ನನ್ನ ಮಾನ ಹೋಗಲ್ವಾ?” ಎಂದರು. ಹೀಗೆ ನನಗೆ ವಿದ್ಯೆಯೂ ಹೆಂಡತಿಯೂ ಒಂದೇ ಕೈಯಿಂದ ಸಿಕ್ಕಿತು.

ಅವರು ಕಲಿಸಿದ ರೀತಿಯೇ ಬೇರೆ. ಮೊದಲ ಹದಿನೈದು ದಿನ ಲಿವರ್ ಮುಟ್ಟಲು ಬಿಡಲಿಲ್ಲ, ಯಂತ್ರ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮಾತ್ರ ಕಲಿಸಿದರು. “ಕೈ ಓಡಿಸೋದು ಕೆಲಸ ಅಲ್ಲ ಕಣೋ. ಮಷಿನ್ ಎಲ್ಲಿ ನಿಲ್ಲಿಸ್ತೀಯ, ಟಿಪ್ಪರ್ ಎಲ್ಲಿಗೆ ಕರೀತೀಯ, ಅದು ಕೆಲಸ.” ಯಂತ್ರ ಒಂದಾಳೆತ್ತರದ ಮಣ್ಣಿನ ಕಟ್ಟೆಯ ಮೇಲೆ, ಟಿಪ್ಪರ್ ಕೆಳಗೆ. ಆಗ ತುಂಬಿದ ಬಕೆಟನ್ನು ಆಕಾಶಕ್ಕೆ ಎತ್ತಬೇಕಾಗಿಲ್ಲ. ಟಿಪ್ಪರ್ ಪಕ್ಕದಲ್ಲೇ ಇದ್ದರೆ ಅರ್ಧ ಸುತ್ತು ತಿರುಗಬೇಕಾಗಿಲ್ಲ, ಕತ್ತು ತಿರುಗಿಸುವಷ್ಟು ತಿರುಗಿದರೆ ಸಾಕು. ಮೊದಲ ಬಕೆಟ್ ಮೆತ್ತನೆಯ ಮಣ್ಣು, ಆಮೇಲೆ ಕಲ್ಲು; ಇಲ್ಲವಾದರೆ ಗಾಡಿಯ ತಳ ಹೋಗುತ್ತದೆ. ಅವರ ಬಕೆಟ್ ಒಂದು ಸುತ್ತು ಮುಗಿಸಲು ಹತ್ತೊಂಬತ್ತು ಸೆಕೆಂಡು ಹಿಡಿಯುತ್ತಿತ್ತು. ಆದರೂ ಸಂಜೆ ಲೆಕ್ಕ ಹಾಕಿದರೆ ನಾನು ತುಂಬಿಸಿದಷ್ಟೇ ಟಿಪ್ಪರುಗಳನ್ನು ಅವರೂ ತುಂಬಿಸಿರುತ್ತಿದ್ದರು, ಡೀಸೆಲ್ ಮಾತ್ರ ನನ್ನದಕ್ಕಿಂತ ಕಡಿಮೆ. ಆ ಮುದುಕ ಅದು ಹೇಗೆ ಮಾಡುತ್ತಿದ್ದರೋ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇನ್ನೊಂದು ಪಾಠವಿತ್ತು. ಆಳದ ಗುಂಡಿ ತೋಡುವಾಗ ಒಂದು ಕಡೆ ಮಣ್ಣನ್ನು ಇಳಿಜಾರಾಗಿ ಬಿಟ್ಟಿರುತ್ತೇವೆ. ಅದು ರ್ಯಾಂಪ್. ಯಂತ್ರಗಳು ಇಳಿಯುವುದು, ಹತ್ತುವುದು ಎಲ್ಲ ಅದರ ಮೇಲೆ. ಕೆಲಸ ಮುಗಿದು ಕೆಳಗಿದ್ದವರೆಲ್ಲ ಮೇಲೆ ಬಂದ ಮೇಲೆ, ಒಂದು ಯಂತ್ರ ರ್ಯಾಂಪಿನ ಬುಡದಿಂದ ಶುರು ಮಾಡಿ, ಹಿಂದಕ್ಕೆ ಹಿಂದಕ್ಕೆ ಹತ್ತುತ್ತಾ ತಾನು ನಿಂತ ದಾರಿಯನ್ನೇ ಅಗೆದು ತೆಗೆಯುತ್ತದೆ. ಆ ಕೆಲಸ ಕೊಟ್ಟರೆ ಆಪರೇಟರಿಗೆ ದೊಡ್ಡ ಮರ್ಯಾದೆ. ಮಾವ ಹೇಳುತ್ತಿದ್ದರು: “ರ್ಯಾಂಪಿಗೆ ಬಕೆಟ್ಟಿನ ಹಲ್ಲು ಹಾಕೋ ಮುಂಚೆ ಕೆಳಗಿಳಿದು ನಿನ್ನ ಕಾಲಲ್ಲಿ ಗುಂಡಿ ಪೂರ್ತಿ ಸುತ್ತಿ ಬಾ. ಕಣ್ಣನ್ನ ನಂಬಬೇಡ, ಕಿವಿ ನಂಬಬೇಡ, ಯಾರೋ ಹೇಳಿದ್ರು ಅಂತ ಶುರು ಮಾಡಬೇಡ. ಮೂಲೆ ಮೂಲೆಗೂ ಕಾಲಿಡು.”

ಎಲ್ಲ ಸರಿಯಾಗಿಯೇ ಕಲಿಸಿದ್ದರು. ಕಲಿತವನ ಹಣೆಬರಹ ನೆಟ್ಟಗಿರಲಿಲ್ಲ, ಅಷ್ಟೆ.

ಎರಡು ವರ್ಷದ ಹಿಂದಿನ ಮಾತು. ದೊಡ್ಡ ಕಟ್ಟಡವೊಂದಕ್ಕೆ ಮೂರು ಮಹಡಿ ಆಳದ ಗುಂಡಿ. ನೇರ ಚೌಕವಲ್ಲ, ಮೊಣಕೈ ಮಡಚಿದ ಹಾಗೆ ಒಂದು ಕಡೆ ತಿರುವು. ಆ ತಿರುವಿನ ಆಚೆ ಏನಿದೆ ಎನ್ನುವುದು ರ್ಯಾಂಪಿನಿಂದ ಕಾಣುತ್ತಿರಲಿಲ್ಲ. ನಾನು ಆ ಸೈಟಿನ ಮುಖ್ಯ ಆಪರೇಟರ್. ಮಾವ ಅದೇ ಸೈಟಿನಲ್ಲಿ ಹಳೆಯ ಯಂತ್ರದ ಮೇಲೆ. ನಾವಿಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆವು, ಏಕೆಂದರೆ ಅತ್ತೆ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇದ್ದರು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ; ಒಂದರಲ್ಲಿ ನಾನು, ಹೆಂಡತಿ, ಇನ್ನೊಂದರಲ್ಲಿ ತಾತ, ಮೊಮ್ಮಗಳು.

ಆ ವರ್ಷ ಕಂಪನಿಯವರು ಎಲ್ಲ ಯಂತ್ರಗಳಿಗೂ ಒಂದೊಂದು ಡಬ್ಬಿ ಕೂರಿಸಿದರು. ಯಾರ ಸುತ್ತು ಎಷ್ಟು ಸೆಕೆಂಡು, ಯಾರು ಎಷ್ಟು ಹೊತ್ತು ಇಂಜಿನ್ ಸುಮ್ಮನೆ ಉರಿಸಿದರು, ಎಲ್ಲವೂ ಆಫೀಸಿನ ಗೋಡೆಯ ಮೇಲಿದ್ದ ಪರದೆಯಲ್ಲಿ ಬರುತ್ತಿತ್ತು. ಐದು ನಿಮಿಷಕ್ಕಿಂತ ಜಾಸ್ತಿ ಕೆಲಸವಿಲ್ಲದಿದ್ದರೆ ಇಂಜಿನ್ ಆರಿಸಬೇಕು ಎಂಬ ನಿಯಮವೂ ಬಂತು. ಒಳ್ಳೆಯ ನಿಯಮವೇ, ನಾನು ಬೈಯುವುದಿಲ್ಲ. ಪರದೆಯ ಮೇಲೆ ನಾನೇ ಮೊದಲು. ದಿನಾ ಚಹಾದ ಹೊತ್ತಿಗೆ ಹೋಗಿ, ಯಾರಿಗೂ ಗೊತ್ತಾಗದ ಹಾಗೆ, ಅದನ್ನೊಮ್ಮೆ ನೋಡಿ ಬರುತ್ತಿದ್ದೆ. ಎಲ್ಲರಿಗೂ ಗೊತ್ತಿತ್ತು.

ಆ ಬೆಳಿಗ್ಗೆ ಸ್ಕೂಟರ್ ಪೆಟ್ರೋಲ್ ಬಂಕಿನ ತಿರುವಿನಲ್ಲಿ ನಿಧಾನವಾದಾಗ ಮಾವ ಹಿಂದಿನಿಂದ ನನ್ನ ಭುಜ ತಟ್ಟಿದರು. “ನೋಡು, ತಿರುವಿನ ಹಿಂದೆ ಲಿಫ್ಟ್ ಗುಂಡಿ ಮೂಲೆ ಇನ್ನೂ ಬಾಕಿ ಇದೆ. ಸರ್ವೆಯವನು ಬಂದು ಮಟ್ಟ ಹೇಳಬೇಕು. ಮಧ್ಯಾಹ್ನದವರೆಗೂ ಆಗುತ್ತೆ. ನಾನು ಮೇಲೆ ಬರೋ ತನಕ ರ್ಯಾಂಪ್ ಮುಟ್ಟಬೇಡ.”

“ಆಯ್ತು ಮಾವ. ನೀವು ಬಂದ ಮೇಲೇನೇ,” ಎಂದೆ.

ಕೇಳಿಸಿತ್ತು. ಚೆನ್ನಾಗಿ ಕೇಳಿಸಿತ್ತು. ಉತ್ತರವನ್ನೂ ಕೊಟ್ಟಿದ್ದೆ.

ಸೈಟಿಗೆ ಹೋದ ಮೇಲೆ ಒಂದರ ಹಿಂದೆ ಒಂದು ತಾಪತ್ರಯ. ನನ್ನ ಯಂತ್ರದ ಒಂದು ಪೈಪಿನಲ್ಲಿ ಎಣ್ಣೆ ಜಿನುಗುತ್ತಿತ್ತು, ಮೆಕ್ಯಾನಿಕ್ಕನನ್ನು ಹಿಡಿದು ಸರಿ ಮಾಡಿಸಿದೆ. ಗೇಟಿನ ಹತ್ತಿರ ಟಿಪ್ಪರುಗಳ ಜಗಳ, ಹೋಗಿ ಬಿಡಿಸಿದೆ. ಎಂಟೂವರೆಗೆ ಏಳು ಟಿಪ್ಪರುಗಳು ಸಾಲಾಗಿ ನಿಂತು ಹಾರ್ನ್ ಹೊಡೆಯತೊಡಗಿದವು. ಅವತ್ತಿನ ಪಟ್ಟಿಯಲ್ಲಿ ನನ್ನ ಮುಂದೆ ಬರೆದದ್ದು ಒಂದೇ ಕೆಲಸ: ರ್ಯಾಂಪ್. ಒಂದೇ ದಿನದಲ್ಲಿ ರ್ಯಾಂಪ್ ಪೂರ್ತಿ ತೆಗೆದವನು ಆ ಕಂಪನಿಯಲ್ಲಿ ಯಾರೂ ಇರಲಿಲ್ಲ. ತಲೆಯಲ್ಲಿ ಅದೊಂದೇ ತುಂಬಿಕೊಂಡಿತು. ಯಂತ್ರವನ್ನು ರ್ಯಾಂಪಿನ ಬುಡಕ್ಕೆ ಇಳಿಸಿದೆ. ಗುಂಡಿ ಖಾಲಿ ಕಂಡಿತು. ಯಾವ ಸದ್ದೂ ಇಲ್ಲ. ತಿರುವಿನ ತನಕ ನಡೆದು ಹೋಗಿದ್ದರೆ ನಲವತ್ತು ಹೆಜ್ಜೆ. ಇಳಿದು, ಹೋಗಿ, ಬಂದು, ಹತ್ತಿ ಕೂರಲು ಮೂರು ನಿಮಿಷ. ಆ ಮೂರು ನಿಮಿಷ ಪರದೆಯ ಮೇಲೆ ನನ್ನ ಹೆಸರಿನ ಮುಂದೆ ಕೂರುತ್ತದಲ್ಲ ಎಂದುಕೊಂಡೆ. ಕೂರಲಿ ಬಿಡು ಅನ್ನುವ ಬುದ್ಧಿ ಬರಲಿಲ್ಲ ಮುಂಡೇಗಂಡನಿಗೆ. ಬಕೆಟ್ ಇಳಿಸಿದೆ.

ಅವತ್ತು ನನ್ನ ಕೈ ಹೇಗೆ ಓಡಿತು ಎಂದರೆ, ಈಗ ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ. ಒಂದು ಬಕೆಟ್ ಮಣ್ಣೂ ಚೆಲ್ಲಲಿಲ್ಲ. ಟಿಪ್ಪರುಗಳು ಬಂದ ಹಾಗೆ ತುಂಬಿ ಹೋದವು. ಹನ್ನೊಂದು ಗಂಟೆಗೆ ಕೆಳಗಿನ ಮುಕ್ಕಾಲು ಭಾಗ ರ್ಯಾಂಪ್ ಇರಲಿಲ್ಲ.

ಆಗ ಸರ್ವೆಯವನು ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ಹೊತ್ತುಕೊಂಡು ಗುಂಡಿಯ ಅಂಚಿಗೆ ಬಂದ. ಕೆಳಗೆ ನೋಡಿದ, ನನ್ನನ್ನು ನೋಡಿದ. ನಾನು ಬಾಗಿಲು ತೆಗೆದು, “ಏನಪ್ಪಾ?” ಎಂದೆ.

“ಕೆಳಗೆ ಹೋಗೋದು ಹೇಗೆ?”

“ಕೆಳಗೆ ಏನಿದೆ ನಿನಗೆ? ಎಲ್ಲ ಮುಗೀತಲ್ಲ.”

“ಲಿಫ್ಟ್ ಗುಂಡಿಗೆ ಮಟ್ಟ ಕೊಡಬೇಕು ಸ್ವಾಮಿ. ನಿಮ್ಮ ಮಾವ ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ ಅಲ್ಲಿ.”

ಪೆಟ್ರೋಲ್ ಬಂಕು, ಭುಜ ತಟ್ಟಿದ ಕೈ, ‘ಆಯ್ತು ಮಾವ’ ಎಲ್ಲವೂ ಒಟ್ಟಿಗೆ ನೆನಪಾಯಿತು.

ಮಾವ ತಿರುವಿನ ಆಚೆ ಸರ್ವೆಯವನಿಗೆ ಕಾಯುತ್ತಾ, ನಿಯಮದ ಪ್ರಕಾರ ಇಂಜಿನ್ ಆರಿಸಿ, ಯಂತ್ರದ ನೆರಳಿನಲ್ಲಿ ಕೂತಿದ್ದರು. ನಾನು ಅಗೆಯುವ ಸದ್ದು ಅವರಿಗೆ ಕೇಳಿಸಿತ್ತು. ರ್ಯಾಂಪಿನ ಪಕ್ಕದಲ್ಲಿದ್ದ ಮಣ್ಣಿನ ರಾಶಿಯನ್ನು ತುಂಬಿಸುತ್ತಿದ್ದಾನೆ ಎಂದುಕೊಂಡಿದ್ದರಂತೆ. ಅಳಿಯ ರ್ಯಾಂಪ್ ಮುಟ್ಟುತ್ತಾನೆ ಎನ್ನುವುದು ಅವರ ತಲೆಗೇ ಬಂದಿರಲಿಲ್ಲ; ಮಾತು ಕೊಟ್ಟಿದ್ದೆನಲ್ಲ.

ಜನ ಸೇರಿದರು. ಇಪ್ಪತ್ತು ಟನ್ನಿನ ಯಂತ್ರ ಗುಂಡಿಯೊಳಗೆ, ಮೇಲೆ ಬರಲು ದಾರಿಯಿಲ್ಲ. ಕ್ರೇನ್ ನಿಲ್ಲಿಸೋಣವೆಂದರೆ ರಸ್ತೆ ಕಿರಿದು, ಮೇಲೆ ಕರೆಂಟಿನ ತಂತಿ. ಹೊರಗೆ ಹೋದ ಮಣ್ಣನ್ನೇ ಮತ್ತೆ ತಂದು ಸುರಿದು, ಮತ್ತೆ ರ್ಯಾಂಪ್ ಕಟ್ಟಬೇಕು. ಟಿಪ್ಪರಿನವರಿಗೆ ನಗು ತಡೆಯಲಾಗಲಿಲ್ಲ. “ಮೇಷ್ಟ್ರನ್ನ ಬಾವಿಗೆ ಇಳಿಸಿ ಹಗ್ಗ ಕೊಯ್ದ ಅಳಿಯ!” ಎಂದು ಒಬ್ಬ ಕೂಗಿದ. ಮಾವ, ಅವಸರಕ್ಕೆ ತಂದು ಗೋಡೆಗೆ ಕಟ್ಟಿದ ಕಬ್ಬಿಣದ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಮೇಲೆ ಬಂದು, ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಟ್ಟರು.

ಅಷ್ಟರಲ್ಲಿ ಸೈಟಿನ ಇಂಜಿನಿಯರಮ್ಮ ಬಂದರು. ಒಳ್ಳೆಯ ಹೆಂಗಸು, ಆದರೆ ಕೆಲಸ ಕೆಟ್ಟರೆ ಮುಖ ಮೋರೆ ನೋಡುವವರಲ್ಲ. ನನ್ನ ಕಡೆ ತಿರುಗಿ, “ಮೇಷ್ಟ್ರು ಕೆಳಗಿರೋದು ನಿಂಗೆ ಗೊತ್ತಿರಲಿಲ್ವಾ? ನಿಮ್ಮಿಬ್ಬರ ಮಧ್ಯೆ ಮಾತಾಗಿರಲಿಲ್ವಾ?” ಎಂದರು.

ಸುತ್ತ ನಲವತ್ತು ಜನ. ಎಲ್ಲರ ಕಣ್ಣೂ ನನ್ನ ಮೇಲೆ. ಮರೆತೆ ಎಂದಿದ್ದರೆ ಆಗುತ್ತಿದ್ದದ್ದೇನು? ಬೈಗುಳ, ಮುಖ್ಯ ಆಪರೇಟರ್ ಪಟ್ಟ ಹೋಗುವುದು, ಒಂದಷ್ಟು ದಿನ ನಗೆಪಾಟಲು. ಅಷ್ಟೇ. ಯಾರೂ ನನ್ನನ್ನು ಗಲ್ಲಿಗೆ ಹಾಕುತ್ತಿರಲಿಲ್ಲ.

“ಮಾತಾಗಿತ್ತು ಮೇಡಂ,” ಎಂದೆ. “ಮೂಲೆ ನಿನ್ನೇನೇ ಮುಗೀತು, ನೀನು ಶುರು ಮಾಡು ಅಂತ ಬೆಳಿಗ್ಗೆ ಇವರೇ ಹೇಳಿದ್ರು.”

ಹೇಳುವಾಗ ಎಷ್ಟು ಸಲೀಸಾಗಿ ಬಂತು ಆ ಮಾತು! ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಆ ಕೋತಿಗಾದರೂ ಮೇಕೆ ನೆಂಟನಲ್ಲ.

ಮಾವ ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಮನೆಯ ಬೀಗದ ಕೈ ಎಲ್ಲಿಟ್ಟೆ ಎಂದು ಯೋಚಿಸುವವರ ಹಾಗೆ ನೋಡಿದರು. ಹಣೆ ಉಜ್ಜಿಕೊಂಡರು. ಇಂಜಿನಿಯರಮ್ಮ, “ಹೌದಾ ಮೇಷ್ಟ್ರೇ? ಹಾಗೆ ಹೇಳಿದ್ರಾ?” ಎಂದರು.

“ಅವನು ಹೇಳ್ತಿದ್ದಾನಲ್ಲಮ್ಮ,” ಎಂದರು ಮಾವ. “ಹೇಳಿರಬೇಕು.”

ನನ್ನ ಎದೆ ಹಗುರಾಯಿತು. ಅಳಿಯನ ಮರ್ಯಾದೆ ಉಳಿಸಲು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು, ದೊಡ್ಡ ಮನುಷ್ಯರು, ಎಂದುಕೊಂಡೆ. ಸಂಜೆ ಕಾಲಿಗೆ ಬಿದ್ದು ಕ್ಷಮೆ ಕೇಳಿದರಾಯಿತು ಎಂದು ತೀರ್ಮಾನಿಸಿದೆ. ಸಂಜೆ ಕೇಳಲಿಲ್ಲ. ನಾಳೆ ಕೇಳೋಣ ಎಂದುಕೊಂಡೆ. ನಾಳೆಗೆ ಇನ್ನೊಂದು ನಾಳೆ ಇದ್ದೇ ಇರುತ್ತದಲ್ಲ.

ಎರಡು ದಿನ ರ್ಯಾಂಪ್ ಕಟ್ಟಿ, ಒಂದು ದಿನ ಯಂತ್ರ ಹತ್ತಿಸಿ, ಇನ್ನೆರಡು ದಿನ ಅದನ್ನೇ ಮತ್ತೆ ಅಗೆದೆವು. ಆಫೀಸಿನವರು ಮಾವನಿಗೆ ಒಳ್ಳೆಯ ಮಾತಿನಲ್ಲೇ, “ವಯಸ್ಸಾಯ್ತು ಮೇಷ್ಟ್ರೇ, ಮರೆವು ಸಹಜ, ಆದರೆ ಈ ಕೆಲಸದಲ್ಲಿ ಮರೆವು ಇರಬಾರದು,” ಎಂದು ಹೇಳಿ ಮನೆಗೆ ಕಳಿಸಿದರು. ಅವರಿಗೆ ಅರವತ್ತೊಂದು. ಇನ್ನೂ ನಾಲ್ಕು ವರ್ಷ ಸೀಟಿನಲ್ಲಿ ಕೂರುವ ಆಸೆಯಿತ್ತು.

ಮನೆಯಲ್ಲಿ ಹೆಂಡತಿ ಅಪ್ಪನ ಮೇಲೆ ಒಂದು ಕಣ್ಣಿಡತೊಡಗಿದಳು. ಅವಳಿಗೂ ನಾನು ಅದೇ ಸುಳ್ಳು ಹೇಳಿದ್ದೆ. ಒಂದು ಸುಳ್ಳಿಗೆ ಮನೆಯಲ್ಲೊಂದು ಸೈಟಿನಲ್ಲೊಂದು ವೇಷ ಹಾಕಲಾಗುವುದಿಲ್ಲ. “ಅಪ್ಪಾ, ಗ್ಯಾಸ್ ಆರಿಸಿದ್ರಾ?” “ಅಪ್ಪಾ, ನಲ್ಲಿ ನಿಲ್ಲಿಸಿದ್ರಾ?” ಎಂದು ಕೇಳುವಳು. ಅವರು ಯಾವತ್ತೂ ಆರಿಸಿಯೇ ಇರುತ್ತಿದ್ದರು. ಆದರೂ ಎದ್ದು ಹೋಗಿ ನೋಡಿಕೊಂಡು ಬರುವರು. ಕ್ರಮೇಣ ಒಂದು ಸಲ ನೋಡಿದರೆ ಸಾಲದಾಯಿತು, ಎರಡು ಸಲ, ಮೂರು ಸಲ. ಅಂಗಿಯ ಜೇಬಿನಲ್ಲಿ ಒಂದು ಚೀಟಿಪುಸ್ತಕ ಇಟ್ಟುಕೊಂಡರು. ‘ಬಾಗಿಲು ಹಾಕಿದೆ.’ ‘ಮಾತ್ರೆ ನುಂಗಿದೆ.’ ‘ಹಾಲು ತಂದೆ.’ ಹೀಗೆ ಗಂಟೆಯ ಸಮೇತ ಬರೆದುಕೊಳ್ಳುವರು.

ನಾನು ಅದನ್ನೆಲ್ಲ ನಾಟಕ ಎಂದುಕೊಂಡಿದ್ದೆ, ನಂಬುತ್ತೀರಾ? ಹೇಳಿದ ಮಾತಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತಿದ್ದಾರೆ, ಮಗಳಿಗೆ ಅನುಮಾನ ಬರಬಾರದು ಎಂದು ಮಾಡುತ್ತಿದ್ದಾರೆ ಎಂದು. ನಮ್ಮಿಬ್ಬರ ನಡುವೆ ಒಂದು ಗುಟ್ಟಿದೆ, ಅವರು ಅದನ್ನು ಕಾಯುತ್ತಿದ್ದಾರೆ ಎಂದು ಒಳಗೊಳಗೇ ಕೃತಜ್ಞತೆ ಬೇರೆ.

ಆ ಭ್ರಮೆ ಮುರಿದದ್ದು ಒಂದು ಬೆಳಿಗ್ಗೆ. ಮಗಳನ್ನು ಶಾಲೆಗೆ ಬಿಡುವುದು ಯಾವಾಗಲೂ ತಾತನ ಕೆಲಸ. ಅವತ್ತು ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋದವರು ವಾಪಸು ಬಂದು ಕುರ್ಚಿಯಲ್ಲಿ ಕೂತರು. “ಇವಳನ್ನ ಇನ್ನು ನೀವೇ ಯಾರಾದರೂ ಬಿಡಿ,” ಎಂದರು.

“ಯಾಕಪ್ಪಾ, ಮೈ ಹುಷಾರಿಲ್ವಾ?” ಎಂದಳು ಹೆಂಡತಿ.

“ಮೈಗೇನಾಗಿದೆ? ರಸ್ತೆ ದಾಟುವಾಗ ಕೈ ಹಿಡಿದಿದ್ದೀನಾ ಇಲ್ವಾ ಅನ್ನೋದೇ ಮರೆತುಹೋದ್ರೆ? ಬೇಡಮ್ಮ. ಮಣ್ಣಿನ ವಿಷಯದಲ್ಲಿ ಆಗಿದ್ದು ಮಗು ವಿಷಯದಲ್ಲಿ ಆಗಬಾರದು.”

ಮಗಳು, “ನಾನೇ ನಿನ್ನ ಕೈ ಹಿಡ್ಕೋತೀನಿ ತಾತ,” ಎಂದು ಗೋಗರೆದಳು. ಅವರು ಏಳಲಿಲ್ಲ. ಮುಖ ಆಚೆ ತಿರುಗಿಸಿ ಕೂತರು.

ನಾನು ಶೂ ಲೇಸ್ ಕಟ್ಟುತ್ತಿದ್ದವನು ಹಾಗೇ ನಿಂತೆ. ಅವರು ನಾಟಕ ಆಡುತ್ತಿರಲಿಲ್ಲ. ಅವತ್ತು ನಲವತ್ತು ಜನರ ಮುಂದೆ ಹಣೆ ಉಜ್ಜಿಕೊಂಡಾಗಲೇ ನಂಬಲು ಶುರು ಮಾಡಿದ್ದರು. ನಾನು ಸುಳ್ಳು ಹೇಳುತ್ತೇನೆ ಎಂದು ಒಪ್ಪಿಕೊಳ್ಳಲು ಮನಸ್ಸು ಬಾರದೆ, ತಮ್ಮ ತಲೆಯೇ ಕೆಟ್ಟಿದೆ ಎಂದು ನಂಬಿಬಿಟ್ಟಿದ್ದರು.

ಆದರೂ ಬಾಯಿ ಬಿಡಲಿಲ್ಲ. ಯಾಕೆ ಎಂದು ಕೇಳಬೇಡಿ; ನನ್ನನ್ನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬದಲಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಐದು ಸಾಮಾನಿನ ಹೆಸರು ಹೇಳಿ ಕಾಲು ಗಂಟೆ ಬಿಟ್ಟು ಕೇಳಿದರು, ಮಾವ ಐದನ್ನೂ ಹೇಳಿದರು. ನೂರರಿಂದ ಏಳೇಳು ಕಳೆಯಲು ಹೇಳಿದರು, ನನಗಿಂತ ಬೇಗ ಕಳೆದರು. “ನಿಮ್ಮ ನೆನಪು ನನ್ನದಕ್ಕಿಂತ ಚೆನ್ನಾಗಿದೆ, ಹೋಗಿ ಬನ್ನಿ,” ಎಂದು ಡಾಕ್ಟರು ನಕ್ಕರು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹೊರಗೆ ಬಂದು ಮೆಟ್ಟಿಲಿಳಿಯುತ್ತಾ ಮಾವ, “ಡಾಕ್ಟರ ಮುಂದೆ ಕೂತರೆ ಎಲ್ಲ ನೆನಪಿರುತ್ತೆ. ಗುಂಡೀಲಿ ಇರಲಿಲ್ಲವಲ್ಲ,” ಎಂದರು.

ಹೋದ ತಿಂಗಳು ಇಂಜಿನಿಯರಮ್ಮ ನನ್ನನ್ನು ಕರೆಸಿದರು. ಕಂಪನಿಯವರು ಹೊಸ ಆಪರೇಟರುಗಳಿಗೆ ಕಲಿಸಲು ಒಂದು ಅಂಗಳ ಮಾಡುತ್ತಿದ್ದರು. ಅಲ್ಲಿ ನಿಂತು ಕಲಿಸಲು ಒಬ್ಬರು ಬೇಕು. “ಈಗಿನವರು ಕೈ ಓಡಿಸ್ತಾರೆ, ಮಷಿನ್ ನಿಲ್ಲಿಸೋಕೆ ಬರಲ್ಲ. ನಿಮ್ಮ ಮಾವ ಕೆಲಸದಲ್ಲಿ ಇದ್ದಿದ್ರೆ ಬೇರೆ ಯಾರನ್ನೂ ಹುಡುಕ್ತಿರಲಿಲ್ಲ,” ಎಂದರು. “ಪಾಪ, ಆ ಮರೆವೊಂದು ಇಲ್ಲದಿದ್ರೆ.”

“ಅವರಿಗೆ ಮರೆವಿಲ್ಲ ಮೇಡಂ,” ಎಂದೆ. “ಮರೆತವನು ನಾನು.”

ಎಲ್ಲ ಹೇಳಿದೆ. ಪೆಟ್ರೋಲ್ ಬಂಕಿನಿಂದ ಶುರು ಮಾಡಿ ನಲವತ್ತು ಹೆಜ್ಜೆಯ ತನಕ. ಇಂಜಿನಿಯರಮ್ಮ ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ, “ನಾನು ನನ್ನ ಕೈಯಾರೆ ‘ಮರೆವಿನ ತೊಂದರೆ’ ಅಂತ ಬರೆದೆ ಅವರ ಕಾಗದದಲ್ಲಿ,” ಎಂದರು. “ಎರಡು ವರ್ಷ! ನಿಂಗೆ ನಾಚಿಕೆ ಆಗಲಿಲ್ವಾ?”

“ಆಯ್ತು ಮೇಡಂ. ದಿನಾ ಆಯ್ತು.”

“ಆಗಿ ಏನುಪಯೋಗ? ಹೋಗು. ನಾಳೆಯಿಂದ ನೀನು ಮುಖ್ಯ ಆಪರೇಟರ್ ಅಲ್ಲ, ಬಂಡೆ ಒಡೆಯೋ ಮಷಿನ್ ಮೇಲೆ ಕೂರು. ಆ ಕಾಗದ ನಾನು ತಿದ್ದಿಸ್ತೀನಿ. ಸೋಮವಾರ ಮೇಷ್ಟ್ರನ್ನ ಅಂಗಳಕ್ಕೆ ಕಳಿಸು.”

ಬಂಡೆ ಒಡೆಯುವ ಯಂತ್ರದಲ್ಲಿ ದಿನವಿಡೀ ಕೂತರೆ ಬೆನ್ನುಮೂಳೆ ಪುಡಿಪುಡಿ. ಯಾರಿಗೂ ಬೇಡದ ಕೆಲಸ. ನಾನು ಅಲ್ಲಿಂದ ಹಾರುತ್ತಾ ಬಂದೆ. ಎರಡು ವರ್ಷದಲ್ಲಿ ಮೊದಲ ಸಲ ಟೈರ್ ಅಂಗಡಿಯವನ ಜೊತೆ ತಮಾಷೆ ಮಾಡಿ ಮೆಟ್ಟಿಲು ಹತ್ತಿದೆ. ಮುಗಿಯಿತು, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಮಾವ ಕಿಟಕಿಯ ಬೆಳಕಿನಲ್ಲಿ ಚಾಪೆ ಹಾಕಿಕೊಂಡು ಮೊಮ್ಮಗಳ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುತ್ತಿದ್ದರು. ಹೆಂಡತಿ ಅಡುಗೆ ಕಟ್ಟೆಯ ಹತ್ತಿರ ನಿಂತು ಪಾತ್ರೆ ಒರೆಸುತ್ತಿದ್ದಳು. ಮಗಳು ಕೆಳಗೆ ಆಡಲು ಹೋಗಿದ್ದಳು.

“ಮಾವ, ಒಂದು ವಿಷಯ ಹೇಳಬೇಕು,” ಎಂದು ಅವರ ಎದುರು ಕೂತೆ.

“ಹೇಳು. ಮೊದಲು ಆ ಕತ್ತರಿ ಕೊಡು.”

ಕೊಟ್ಟೆ. “ಅವತ್ತು ಮೂಲೆ ಮುಗೀತು ಅಂತ ನೀವು ಹೇಳಲೇ ಇಲ್ಲ. ಬಾಕಿ ಇದೆ, ನಾನು ಮೇಲೆ ಬರೋ ತನಕ ರ್ಯಾಂಪ್ ಮುಟ್ಟಬೇಡ ಅಂದ್ರಿ. ಪೆಟ್ರೋಲ್ ಬಂಕ್ ತಿರುವಲ್ಲಿ. ನಾನು ಆಯ್ತು ಅಂದೆ. ಆಮೇಲೆ ಮರೆತೆ. ಎಲ್ಲರ ಮುಂದೆ ಮರ್ಯಾದೆ ಹೋಗುತ್ತೆ ಅಂತ ನಿಮ್ಮ ಮೇಲೆ ಹಾಕಿದೆ. ನಿಮ್ಮ ತಲೆ ಸರಿಯಾಗೇ ಇದೆ ಮಾವ. ಯಾವತ್ತೂ ಸರಿಯಾಗೇ ಇತ್ತು.”

ಅವರು ಕಾಗದದ ಅಂಚನ್ನು ಉಗುರಿನಿಂದ ಮಡಚುತ್ತಿದ್ದರು. ಕೈ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ನಕ್ಕರು, ಬಹಳ ಪ್ರೀತಿಯ ನಗು.

“ನನ್ನ ಮಗಳು ಹೇಳಿಕೊಟ್ಟಳಾ?” ಎಂದರು.

“ಇಲ್ಲ ಮಾವ! ಅವಳಿಗೆ ಗೊತ್ತೇ ಇಲ್ಲ.”

ಪಾತ್ರೆ ಒರೆಸುವ ಸದ್ದು ನಿಂತಿತ್ತು. ಹೆಂಡತಿ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಂದು ನಿಂತಳು. “ಏನಂದ್ರಿ? ಇನ್ನೊಂದ್ಸಲ ಹೇಳಿ,” ಎಂದಳು. ಹೇಳಿದೆ. ಅವಳ ಮುಖ ಸುಣ್ಣದ ಹಾಗಾಯಿತು. ಅಪ್ಪನ ಪಕ್ಕ ಕೂತು, “ಅಪ್ಪಾ, ಇವರು ನಿಜ ಹೇಳ್ತಿದ್ದಾರೆ. ಈ ಮುಖ ನಂಗೆ ಗೊತ್ತು. ನಿಜ ಅಪ್ಪಾ,” ಎಂದಳು. ಕೈಯಲ್ಲಿದ್ದ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು.

“ನೀನೂ ಸೇರಿಕೊಂಡ್ಯಾ?” ಎಂದರು ಅವರು, ಅವಳ ತಲೆ ಸವರುತ್ತಾ. “ಅಳಬೇಡ. ನನಗೇನೂ ಬೇಜಾರಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಬರೋದೇ.”

ನಾನು ಕೊನೆಯ ಅಸ್ತ್ರ ತೆಗೆದೆ. ಅಂಗಳದ ವಿಷಯ ಹೇಳಿದೆ. ಇಂಜಿನಿಯರಮ್ಮ ಒಪ್ಪಿದ್ದಾರೆ, ಕಾಗದ ತಿದ್ದಿಸುತ್ತಾರೆ, ಸೋಮವಾರದಿಂದ ಬರಲು ಹೇಳಿದ್ದಾರೆ, ನನ್ನನ್ನು ಬಂಡೆ ಮಷಿನ್ನಿಗೆ ಹಾಕಿದ್ದಾರೆ, ಸುಳ್ಳಾಗಿದ್ದರೆ ಯಾಕೆ ಹಾಕುತ್ತಿದ್ದರು ಎಂದೆಲ್ಲ ಹೇಳಿದೆ. ಅಂಗಳ ಎಂದಾಗ ಅವರ ಕಣ್ಣು ಒಂದು ಗಳಿಗೆ ಹೊಳೆದದ್ದು ನಿಜ. ನಾನು ನೋಡಿದೆ. ಆಮೇಲೆ ಕಣ್ಣು ಪುಸ್ತಕಕ್ಕೆ ಇಳಿಯಿತು.

“ನನಗೋಸ್ಕರ ಸೀಟು ಬಿಟ್ಟುಕೊಟ್ಟು ಬಂದ್ಯಾ? ಹುಚ್ಚಪ್ಪ,” ಎಂದರು. “ಬೇಡ. ಕಲಿಯೋಕೆ ಬಂದವನಿಗೆ ‘ಹಿಂದೆ ಯಾರೂ ಇಲ್ಲ, ತಿರುಗಿಸು’ ಅಂತೀನಿ. ಅಲ್ಲಿ ಯಾರೋ ನಿಂತಿದ್ದನ್ನ ನೋಡಿ ನಾನೇ ಮರೆತಿದ್ರೆ? ಒಂದು ಜೀವ ಹೋಗುತ್ತೆ. ನಾಳೆ ಹೋಗಿ ಇಂಜಿನಿಯರಮ್ಮನಿಗೆ ಹೇಳು, ಮೇಷ್ಟ್ರು ಬರಲ್ಲ ಅಂದ್ರು ಅಂತ. ನಿನ್ನ ಸೀಟು ನೀನು ವಾಪಸ್ ಕೇಳು.”

“ನಾನೇ ಮರೆತಿದ್ದು ಮಾವ! ನಾನೇ, ನಾನೇ!” ಕೂಗಿಬಿಟ್ಟೆ. ಕೆಳಗೆ ಟೈರ್ ಅಂಗಡಿಯವನಿಗೂ ಕೇಳಿಸಿರಬೇಕು.

“ಆಯ್ತಪ್ಪಾ,” ಎಂದರು, ಹಟ ಮಾಡುವ ಮಗುವಿಗೆ ಹೇಳುವ ಹಾಗೆ. “ನೀನೇ ಮರೆತಿದ್ದು. ಸರೀನಾ?”

ನಾನು ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂತೆ. ಎರಡು ವರ್ಷದ ಹಿಂದೆ, ಅದೇ ಸಂಜೆ, ಸ್ಕೂಟರ್ ನಿಲ್ಲಿಸಿ ಹೇಳಿದ್ದರೆ ನಂಬುತ್ತಿದ್ದರು. ಕೆನ್ನೆಗೆ ಎರಡು ಬಾರಿಸಿ, ಆಮೇಲೆ ನಗುತ್ತಿದ್ದರು. ಮರುದಿನ ಸೀಟಿನಲ್ಲಿರುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಮಾವ ಕತ್ತರಿ ಪಕ್ಕಕ್ಕಿಟ್ಟರು. “ನೀನು ಇಷ್ಟು ಮಾಡಿದ ಮೇಲೆ ನಾನೂ ಒಂದು ಹೇಳಿಬಿಡ್ತೀನಿ. ಮನಸ್ಸಲ್ಲೇ ಇಟ್ಟುಕೊಂಡು ಸಾಕಾಗಿದೆ,” ಎಂದರು. “ಅವತ್ತು ಆದಮೇಲೆ ಸ್ವಲ್ಪ ದಿನ ನನಗೆ ನಿನ್ನ ಮೇಲೆ ಅನುಮಾನ ಬಂದಿತ್ತು. ಇವನೇ ಮರೆತು ನನ್ನ ಮೇಲೆ ಹಾಕಿದ್ನೇನೋ ಅಂತ. ಮಗನ ಥರ ಇರೋ ಅಳಿಯನ ಬಗ್ಗೆ ಹಾಗೆ ಯೋಚನೆ ಮಾಡಿಬಿಟ್ಟೆ. ತಪ್ಪಾಯ್ತು. ಕ್ಷಮಿಸಿದೆ ಅಂತ ಒಂದು ಮಾತು ಹೇಳಿಬಿಡು, ನನಗೆ ಸಮಾಧಾನ ಆಗುತ್ತೆ.”

ಹೇಳಿ, ನನ್ನ ಮುಖ ನೋಡುತ್ತಾ ಕಾದರು. ಹೆಂಡತಿಯೂ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಇದ್ದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಇನ್ನೊಮ್ಮೆ ನಿಜ ಹೇಳೋಣವೆಂದರೆ ಅದನ್ನು ಕೇಳುವವರು ಅಲ್ಲಿರಲಿಲ್ಲ.

“ಕ್ಷಮಿಸಿದೆ ಮಾವ,” ಎಂದೆ.

ಅವರು ದೊಡ್ಡದಾಗಿ ಉಸಿರು ಬಿಟ್ಟರು. ಜೇಬಿನಿಂದ ಚೀಟಿಪುಸ್ತಕ ತೆಗೆದು, ಗಂಟೆ ನೋಡಿ, ಅದನ್ನು ಬರೆದುಕೊಂಡರು.